ಬದುಕಿರುವವರ ಸಾಲು

ಪಟ್ಟಿ ಬರೆಯುವ ಕಾಗದವನ್ನು ಕಾತಿಂಕಾ ನಟ್ಟನಡುವೆ ಉದ್ದಕ್ಕೆ ಮಡಿಸಿ, ಮಡಿಕೆಯ ಮೇಲೆ ಹೆಬ್ಬೆರಳಿನ ಉಗುರೆಳೆದು, ಮತ್ತೆ ಬಿಡಿಸಿ ಮೇಜಿನ ಮೇಲಿಡುತ್ತಿದ್ದಳು. ಮಡಿಕೆಯ ಎಡಕ್ಕೆ ಬದುಕಿರುವವರು, ಬಲಕ್ಕೆ ಸತ್ತವರು. ಮನೆತನದ ಹೆಸರು ಬೇಡ, ಊರು ಬೇಡ. ದೇವರಿಗೆ ಬರೀ ಹೆಸರು ಸಾಕು. ಭಾನುವಾರ ಅದನ್ನು ಒಂದು ಮೇಣದಬತ್ತಿಯ ಜೊತೆ ಚರ್ಚಿನಲ್ಲಿ ಕೊಟ್ಟರೆ, ಐವತ್ತು ವರ್ಷದಿಂದ ಅಲ್ಲಿ ಸ್ತೋತ್ರ ಹಾಡುತ್ತಿದ್ದ ಮುದುಕ ಗವ್ರೀಲ್ ಮೊದಲು ಎಡದ ಸಾಲನ್ನೂ ಆಮೇಲೆ ಬಲದ ಸಾಲನ್ನೂ ತನ್ನ ಒಡಕು ದನಿಯಲ್ಲಿ ಓದುತ್ತಿದ್ದ.

ಕಾತಿಂಕಾಳ ಕಣ್ಣು ಮಬ್ಬಾದ ಮೇಲೆ ಬರೆಯುವ ಕೆಲಸ ಕಮೇಲಿಯಾಳ ಪಾಲಿಗೆ ಬಂತು. ರುಮೇನಿಯಾದ ಯಾಶ್ ನಗರದಲ್ಲಿ ಇತಿಹಾಸ ಓದಿ ಪದವಿ ಪಡೆದ ಅವಳನ್ನು ಸರ್ಕಾರ ರಕೀತಾ ಹಳ್ಳಿಯ ಶಾಲೆಗೆ ಹಾಕಿ ಮೂರು ವರ್ಷವಾಗಿತ್ತು. ಅಂದಿನಿಂದ ಅವಳ ವಾಸ ಕಾತಿಂಕಾಳ ಮನೆಯ ಮುಂದಿನ ಕೋಣೆಯಲ್ಲಿ. ಮಾತು ಅವಳಿಗೆ ಬಾಯಿಗಿಂತ ಬೇಗ ಬೆರಳಿಗೆ ಬರುತ್ತಿತ್ತು. ಎಷ್ಟು ಕಡಿಮೆ ಮಾತಾಡುತ್ತಿದ್ದಳೆಂದರೆ, ಒಂದು ದಿನ ಅವಳು ಎದುರಿಗೇ ಕೂತಿದ್ದಾಗ ಹೆಡ್‌ಮಾಸ್ತರರು ಅವಳ ಹೆಸರಿನ ಮುಂದೆ ಗೈರುಹಾಜರಿ ಹಾಕಿದ್ದರು. ಅವಳು ಅದನ್ನೂ ತಿದ್ದಿಸಿರಲಿಲ್ಲ.

"ಮೊದಲು ತ್ವಾದೆರ್," ಎನ್ನುತ್ತಿದ್ದಳು ಕಾತಿಂಕಾ, ಪ್ರತಿ ವಾರವೂ. ಎಡಗಡೆ, ಎಲ್ಲರಿಗಿಂತ ಮೇಲೆ.

ತ್ವಾದೆರ್ ಅವಳ ಗಂಡ. ಮದುವೆಯಾಗಿ ಆರು ತಿಂಗಳಿಗೆ, ನಲವತ್ತೊಂಬತ್ತನೆಯ ಇಸವಿಯ ಸುಗ್ಗಿಯಲ್ಲಿ ಕಾಣೆಯಾದವನು. ಒಕ್ಕಣೆ ಮಾಡಿದ ಗೋಧಿಯನ್ನೆಲ್ಲ ಸರ್ಕಾರದವರು ಅಳೆದುಕೊಂಡು ಹೋಗಲು ಬಂದಾಗ ಊರಿನವರು ಗಂಟೆ ಬಾರಿಸಿ, ಕವೆಗೋಲು ಹಿಡಿದು ಅವರನ್ನು ಓಡಿಸಿದ್ದರು. ಮರುದಿನ ಲಾರಿಗಳು ಬಂದವು. ತ್ವಾದೆರ್ ಜೋಳದ ಹೊಲಕ್ಕೆ ನುಗ್ಗಿದ್ದನ್ನು ಕಂಡವರಿದ್ದರು; ಹೊರಗೆ ಬಂದದ್ದನ್ನು ಕಂಡವರಿರಲಿಲ್ಲ. ಡಾನ್ಯೂಬ್ ಈಜಿ ಗಡಿ ದಾಟಿದ ಎಂದರು ಕೆಲವರು. ಕಾಲುವೆ ತೋಡುವ ಕೈದಿಗಳ ನಡುವೆ ಕಂಡೆವು ಎಂದರು ಇನ್ನು ಕೆಲವರು. ಪಟ್ಟಣದ ಕಚೇರಿಯಲ್ಲಿ ಕೇಳಿದಾಗ, ಅಂಥ ಹೆಸರಿನವರು ಯಾರೂ ತಮಗೆ ಗೊತ್ತಿಲ್ಲ ಎಂದು ಕಿಟಕಿ ಮುಚ್ಚಿದರು.

ಹಾಗಾಗಿ ಅವನು ಎಡಗಡೆಯೇ ಉಳಿದ. ಬದುಕಿರುವವನ ಹೆಸರನ್ನು ಸತ್ತವರ ಸಾಲಿಗೆ ಸೇರಿಸಿದರೆ ಅವನನ್ನು ಕೈಯಾರೆ ಮಣ್ಣಿಗೆ ತಳ್ಳಿದಂತೆ. ಹಾಗೆಂದು ಸತ್ತವನನ್ನು ಬದುಕಿರುವವರ ಸಾಲಿನಲ್ಲಿ ಬಿಟ್ಟರೆ, ಆಚೆ ಲೋಕದಲ್ಲಿ ಅವನಿಗೆ ಬೆಳಕಿಲ್ಲ, ನೀರಿಲ್ಲ, ತುತ್ತು ರೊಟ್ಟಿಯಿಲ್ಲ. ಇಲ್ಲಿ ಅವನ ಹೆಸರಿನಲ್ಲಿ ಕೊಟ್ಟದ್ದು ಯಾವುದೂ ಅವನಿಗೆ ಮುಟ್ಟುವುದಿಲ್ಲ. ಈ ಎರಡರ ನಡುವೆ ಕಾತಿಂಕಾ ನಲವತ್ತು ವರ್ಷ ಉಗುರಿನಿಂದ ಗೀರಿದ ಆ ಒಂದು ಮಡಿಕೆಯ ಮೇಲೆ ಬದುಕಿದ್ದಳು.

ಎಂಬತ್ತೊಂಬತ್ತರ ಡಿಸೆಂಬರಿನಲ್ಲಿ ದೇಶವೇ ತಲೆಕೆಳಗಾಯಿತು. ಟೆಲಿವಿಷನ್ನಿನಲ್ಲಿ ಜನ ಅಳುತ್ತ, ಕೂಗುತ್ತ, ನಡುವಿನ ಸರ್ಕಾರಿ ಲಾಂಛನ ಕತ್ತರಿಸಿ ತೂತು ಮಾಡಿದ ಬಾವುಟ ಬೀಸುತ್ತ ಬಂದರು. ಗಡಿಗಳು ತೆರೆದವು. ಎಲ್ಲೆಲ್ಲಿಗೋ ಹೋಗಿದ್ದವರು ಸೂಟ್‌ಕೇಸ್ ಹಿಡಿದು ಬಸ್ಸಿನಿಂದ ಇಳಿಯತೊಡಗಿದರು. ಕಾತಿಂಕಾ ಪೆಟ್ಟಿಗೆಯಿಂದ ಉಣ್ಣೆ ತೆಗೆದು ಗಂಡಸರ ಕಾಲುಚೀಲ ಹೆಣೆಯಲು ಕೂತಳು. ಜನವರಿ ಕಳೆಯುವುದರೊಳಗೆ ಸುಣ್ಣ ಕಲಸಿದಳು.

"ಏನೇ ಕಾತಿಂಕಾ, ಈ ಚಳೀಲಿ ಯಾರಾದ್ರೂ ಸುಣ್ಣ ಹೊಡೀತಾರೇನೇ?" ಬೇಲಿಯಾಚೆಯಿಂದ ಮಾರ್ಗ್ಯೋಲಾ ಕೂಗಿದಳು.

"ಬರೋರು ಬರೋ ಹೊತ್ತಿಗೆ ಒಣಗಬೇಕಲ್ಲ."

"ಬರ್ತಾನೆ ಬಿಡು, ಜರ್ಮನಿಯಿಂದ ಕಾರಲ್ಲಿ! ಪಕ್ಕದಲ್ಲಿ ಒಬ್ಬಳು ಜರ್ಮನಿಯವಳನ್ನೂ ಕೂರಿಸ್ಕೊಂಡು."

"ಕರ್ಕೊಂಡ್ ಬರ್ಲಿ. ಹಸು ಕರೆಯೋಕೆ ನಂಗೂ ಇನ್ನೊಂದು ಜೊತೆ ಕೈ ಬೇಕು."

ಒಳಗೆ ಪುಸ್ತಕ ತಿದ್ದುತ್ತಿದ್ದ ಕಮೇಲಿಯಾ ನಕ್ಕಳು. ಅರವತ್ತೆರಡರ ಹೆಂಗಸು ಏಣಿಯ ಮೇಲೆ ನಿಂತು, ಬಕೆಟ್ಟು ಹಿಡಿದು, ಇಪ್ಪತ್ತರವಳ ದನಿಯಲ್ಲಿ ಜಗಳವಾಡುತ್ತಿದ್ದಳು.

*

ಫೆಬ್ರವರಿಯಲ್ಲಿ ಹೊಸ ಪಾದ್ರಿ ಫಾದರ್ ವಿಸಾರಿಯೋನ್ ಕಮೇಲಿಯಾಳನ್ನು ಚರ್ಚಿಗೆ ಕರೆಸಿದರು. ಬೀರುವಿನಿಂದ ಅವರು ತೆಗೆದಿಟ್ಟ ಕೀರ್ತನೆ ಪುಸ್ತಕ ಒಂದು ದಿಂಬಿನಷ್ಟು ದಪ್ಪವಿತ್ತು. ಚರ್ಮದ ಹೊದಿಕೆಯ ಮೇಲೆ ಮೇಣ ತೊಟ್ಟಿಕ್ಕಿ ತೊಟ್ಟಿಕ್ಕಿ ಗಂಟುಗಟ್ಟಿತ್ತು. ನ್ಯಾಮ್ಟ್ಸ್ ಮಠದಲ್ಲಿ ಅಚ್ಚಾದದ್ದು, ನೂರೈವತ್ತು ವರ್ಷ ಹಳೆಯದು, ಹಳೆಯ ಅಕ್ಷರದ್ದು. ರುಮೇನಿಯನ್ ಭಾಷೆಯನ್ನು ಈಗಿನ ರೋಮನ್ ಅಕ್ಷರಗಳಲ್ಲಿ ಬರೆಯಲು ಶುರುಮಾಡುವ ಮೊದಲು ಮುತ್ತಾತಂದಿರು ಬಳಸುತ್ತಿದ್ದ, ರಷ್ಯದವರ ಬರಹದ ಹಾಗೆ ಕಾಣುವ ಅಕ್ಷರ.

"ಅಂಚಿನಲ್ಲಿ ಏನೇನೋ ಕೈಬರಹ ಇದೆ ಟೀಚರಮ್ಮ," ಎಂದರು ಫಾದರ್. "ಮ್ಯೂಸಿಯಮ್ಮಿನವರು ಪಟ್ಟಿ ಕೇಳಿದಾರೆ. ನಂಗೆ ಇದನ್ನ ಓದೋಕೆ ಬರಲ್ಲ. ನಿಮಗೆ ಯೂನಿವರ್ಸಿಟೀಲಿ ಕಲ್ಸಿದಾರಂತೆ?"

ಕಮೇಲಿಯಾ ತಲೆಯಾಡಿಸಿದಳು. ತರಗತಿಯಲ್ಲಿ ಆ ವಿಷಯ ತೆಗೆದುಕೊಂಡವರು ಇಬ್ಬರೇ. ಇನ್ನೊಬ್ಬ ಅರ್ಧಕ್ಕೆ ಬಿಟ್ಟಿದ್ದ.

ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಅವಳು ಚರ್ಚಿನ ಕಿಟಕಿಯ ಪಕ್ಕ, ಕೈಗವಸು ತೊಟ್ಟೇ ಕೂತು ಓದತೊಡಗಿದಳು. ಅಚ್ಚಿನ ಅಕ್ಷರಗಳ ಸುತ್ತ, ಅಂಗೈಯಗಲದ ಬಿಳಿ ಜಾಗದಲ್ಲಿ, ಒಬ್ಬರಾದ ಮೇಲೊಬ್ಬರು ಹಾಡುಗಾರರು ಬರೆದಿದ್ದರು. ಕೈ ಬದಲಾಗುತ್ತಿತ್ತು, ಮಸಿ ಬದಲಾಗುತ್ತಿತ್ತು, ಆದರೆ ಪ್ರತಿಯೊಂದೂ ಒಂದೇ ಬಗೆಯಲ್ಲಿ ಮೊದಲಾಗುತ್ತಿತ್ತು: ತಿಳಿದಿರಲಿ.

ತಿಳಿದಿರಲಿ, ಸಾವಿರದೆಂಟುನೂರ ಐವತ್ತೊಂಬತ್ತರ ಜನವರಿಯಲ್ಲಿ ಮೊಲ್ದಾವಿಯಾಕ್ಕೂ ವಲಾಕಿಯಾಕ್ಕೂ ಒಬ್ಬನೇ ದೊರೆಯಾದ. ಗಂಟೆ ಬಾರಿಸೆಂದರು, ಬಾರಿಸಿದೆ. ಹಿಮ ಸೊಂಟದವರೆಗೆ.

ತಿಳಿದಿರಲಿ, ಎಪ್ಪತ್ತೇಳರಲ್ಲಿ ತುರುಕರ ಮೇಲಿನ ಯುದ್ಧಕ್ಕೆ ಈ ಹಳ್ಳಿಯಿಂದ ಹನ್ನೊಂದು ಜನ ಹೋದರು. ಏಳು ಜನ ಬಂದರು. ದೇಶ ಸ್ವತಂತ್ರವಾಯಿತಂತೆ.

ಕಮೇಲಿಯಾ ಪೆನ್ನು ಕೆಳಗಿಟ್ಟಳು. ಈ ಇಸವಿಗಳನ್ನು ಅವಳು ಮಕ್ಕಳಿಗೆ ನೂರು ಸಲ ಹೇಳಿಕೊಟ್ಟಿದ್ದಳು, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಳು. ಅವುಗಳಲ್ಲಿ ಹಿಮವಿತ್ತೆಂದು ಅವಳಿಗೆ ಗೊತ್ತಿರಲಿಲ್ಲ. ಆ ದಿನ ಯಾರೋ ಸೊಂಟದವರೆಗಿನ ಹಿಮದಲ್ಲಿ ಈ ಗಂಟೆಗೂಡಿಗೇ ನಡೆದು ಬಂದು, ಒದ್ದೆ ಕಾಲಲ್ಲಿ ಕೂತು, ಬೆರಳು ಬೆಚ್ಚಗಾಗುವವರೆಗೆ ಕಾದು ಬರೆದಿದ್ದ. ಕಾಗದದ ಮೂಲೆಯಲ್ಲಿ ಅವನ ಹೆಬ್ಬೆರಳಿನ ಗುರುತೂ ಉಳಿದಿತ್ತು. ಅವಳು ಕೈಗವಸು ಕಳಚಿ ಅದರ ಮೇಲೆ ತನ್ನ ಹೆಬ್ಬೆರಳಿಟ್ಟು ನೋಡಿದಳು. ನೂರಮೂವತ್ತೊಂದು ವರ್ಷದ ಆಚೆ ಇದ್ದ ಒಬ್ಬನ ಬೆರಳಿಗೂ ತನ್ನ ಬೆರಳಿಗೂ ನಡುವೆ ಇದ್ದದ್ದು ಒಂದು ಹಾಳೆ ಮಾತ್ರ.

ಸುದ್ದಿ ಪತ್ರಿಕೆಗಳಲ್ಲಿದ್ದಂತೆ ಇಲ್ಲಿ ದೊಡ್ಡದು ಮೇಲೆ, ಚಿಕ್ಕದು ಕೆಳಗೆ ಎಂದಿರಲಿಲ್ಲ. ದೊರೆಯ ಪಕ್ಕದಲ್ಲೇ ಸತ್ತ ಎತ್ತು. ಯುದ್ಧದ ಪಕ್ಕದಲ್ಲೇ ಆಲಿಕಲ್ಲು. ನಲವತ್ತರ ನಂತರ ಬರಹ ಗವ್ರೀಲನದಾಯಿತು: ಚಿಕ್ಕದು, ನೆಟ್ಟಗಿನದು, ಹೊಲಿಗೆ ಹಾಕಿದಂತೆ. ಎಲ್ಲರೂ ಹೊಸ ಅಕ್ಷರ ಬರೆಯುತ್ತಿದ್ದ ಕಾಲದಲ್ಲೂ ಅವನು ತಾತನಿಂದ ಕಲಿತ ಹಳೆಯ ಅಕ್ಷರವನ್ನು ಬಿಟ್ಟಿರಲಿಲ್ಲ.

ಮೂರನೆಯ ಮಧ್ಯಾಹ್ನ, ಬುಧವಾರ, ಅವಳ ಕಣ್ಣು ಒಂದು ಬರಹದ ಮೇಲೆ ನಿಂತಿತು. ಅಲ್ಲಿ ಇಸವಿಯನ್ನೂ ಹಳೆಯ ಪದ್ಧತಿಯಲ್ಲಿ, ಜಗತ್ತು ಸೃಷ್ಟಿಯಾದಂದಿನಿಂದ ಎಣಿಸಿ ಬರೆದಿತ್ತು: ಏಳು ಸಾವಿರದ ನಾನೂರ ಐವತ್ತೇಳು. ಅವಳು ಅದರಿಂದ ಐದು ಸಾವಿರದ ಐನೂರ ಎಂಟನ್ನು ಕಳೆದು ನೋಡಿದಳು. ನಲವತ್ತೊಂಬತ್ತು. ಯಾರ ಕಣ್ಣಿಗೂ ಬೀಳಬಾರದೆಂದು ಗವ್ರೀಲ್ ಅದನ್ನು ಅಕ್ಷರದೊಳಗೊಮ್ಮೆ, ಎಣಿಕೆಯೊಳಗೊಮ್ಮೆ ಎರಡು ಬಾರಿ ಬಚ್ಚಿಟ್ಟಿದ್ದ.

ತಿಳಿದಿರಲಿ, ಆಗಸ್ಟ್ ಹತ್ತನೆಯ ದಿನ. ನಾನು, ಪಾಪಿ ಗವ್ರೀಲ್, ಕಣ್ಣಾರೆ ಕಂಡದ್ದು. ಗಂಟೆ ಬಾರಿಸಿದವನನ್ನು ಹುಡುಕಿ ಲಾರಿಗಳು ಬಂದವು. ಬಾರಿಸಿದವನು ತ್ವಾದೆರ್, ಕಾತಿಂಕಾಳ ಗಂಡ. ಹಳೆಯ ಗಿರಣಿಯ ಹಿಂದಿನ ಕಮರಿಯಲ್ಲಿ ಅವನಿಗೆ ಗುಂಡು ಹಾಕಿದರು. ಕೂಡಲೇ ಸಾಯಲಿಲ್ಲ. ದಾರಿಯಲ್ಲಿ ಸಿಕ್ಕ ನನ್ನನ್ನು ಗುಂಡಿ ತೋಡಲು ನಿಲ್ಲಿಸಿದರು. ಅವರು ಸಿಗರೇಟು ಹಚ್ಚಲು ಗಾಳಿಗೆ ಬೆನ್ನು ಮಾಡಿದಾಗ ನನ್ನ ಜೇಬಿನಲ್ಲಿದ್ದ ಮೇಣದಬತ್ತಿ ಹಚ್ಚಿ ಅವನ ಕೈಗಿಟ್ಟೆ. ಅವನು ಅದನ್ನು ನೋಡಿದ. ಬೆಳಕಿನಲ್ಲೇ ಹೋದ. ನನ್ನ ಮೂರು ಮಕ್ಕಳ ತಲೆಯ ಮೇಲೆ ಆಣೆ ಹಾಕಿಸಿದರು. ಅವಳಿಗೆ ಹೇಳಿಲ್ಲ. ದೇವರೇ, ನನ್ನ ನಾಲಿಗೆಗೆ ಶಿಕ್ಷೆ ಕೊಡು, ಕೈಗೆ ಕೊಡಬೇಡ.

ಅದರ ಕೆಳಗೆ, ಎಷ್ಟೋ ವರ್ಷದ ಮೇಲೆ, ಬೇರೆ ಮಸಿಯಲ್ಲಿ: ಅವಳು ಪ್ರತಿ ವಾರ ಎಡಕ್ಕೆ ಬರೆದು ತರುತ್ತಾಳೆ, ಓದುತ್ತೇನೆ. ಬಲದ ಸಾಲು ಮುಗಿದ ಮೇಲೆ, ಕಾಗದದಲ್ಲಿಲ್ಲದ ಒಬ್ಬ ತ್ವಾದೆರನನ್ನು ನಾನೇ ಸೇರಿಸಿ ಓದುತ್ತೇನೆ.

ಕಮೇಲಿಯಾಳ ಕಿವಿಯಲ್ಲಿ ಅದು ಕೇಳಿಸಿತು. ಮೂರು ವರ್ಷದಿಂದ ಪ್ರತಿ ಭಾನುವಾರ ಅವಳು ಕೇಳಿದ್ದಳು: ಸತ್ತವರೆಲ್ಲರ ಕೊನೆಗೆ ಗವ್ರೀಲ್ ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಿದ್ದ, ಆಮೇಲೆ ಮೆಲ್ಲಗೆ, ಮೆಟ್ಟಿಲಿಳಿದಂತೆ, "ತ್ವಾದೆರ್." ಊರಿನಲ್ಲಿ ಮನೆಗೊಬ್ಬ ತ್ವಾದೆರ್ ಸತ್ತಿದ್ದಾನೆ. ಯಾರ ಮನೆಯವನೆಂದು ಯಾರು ಕೇಳುತ್ತಾರೆ?

ಎರಡು ಸಾವಿರಕ್ಕೂ ಮೀರಿದ ಭಾನುವಾರಗಳು. ಒಂದೂ ತಪ್ಪದೆ.

ಹಿಂದೆ ಒಲೆಯ ಬಾಗಿಲು ಕಿರುಗುಟ್ಟಿತು. ಸೌದೆ ತಂದಿದ್ದ ಗವ್ರೀಲ್ ತೆರೆದ ಪುಟವನ್ನು ದೂರದಿಂದಲೇ ನೋಡಿದ. ಅದು ಯಾವ ಪುಟವೆಂದು ಗುರುತಿಸಲು ಅವನಿಗೆ ಕನ್ನಡಕ ಬೇಕಿರಲಿಲ್ಲ.

"ಓದಿದಿರಾ ಟೀಚರಮ್ಮ?"

"ಓದಿದೆ, ಗವ್ರೀಲಜ್ಜ."

"ಅಕ್ಷರ ಅರ್ಥ ಆಯ್ತಾ?"

"ಆಯ್ತು. ನಿಮ್ಮ ಕೈಬರಹ ಚೆನ್ನಾಗಿದೆ."

ಎಂಬತ್ತೊಂದರ ಮುದುಕ ಸೌದೆಯ ಕಟ್ಟಿನ ಮೇಲೇ ಕೂತುಬಿಟ್ಟ. "ಓದೋಕೆ ಬರೋರು ಯಾವತ್ತಾದ್ರೂ ಬರ್ತಾರೆ ಅಂತ ಬರೆದೆ. ನಾನು ಸತ್ತ ಮೇಲೆ ಬರ್ಲಿ ಅಂತಾನೂ ಬೇಡ್ಕೊಂಡೆ. ದೇವರು ಮೊದಲ್ನೇದು ಕೇಳಿಸ್ಕೊಂಡ, ಎರಡ್ನೇದು ಬಿಟ್ಟ."

ಅವಳು ಕೇಳದ ಪ್ರಶ್ನೆಗೆ ಉತ್ತರ ಕೊಡುವವನಂತೆ ಅವನೇ ಮುಂದುವರಿಸಿದ: "ಈಗ ಹೆದರಿಕೆ ಯಾರದು ಅಂತೀರಿ. ಹೌದು. ಹೋದ ತಿಂಗಳು ಅವಳ ಗೇಟಿನವರೆಗೂ ಹೋದೆ. ಏಣಿ ಮೇಲೆ ನಿಂತು ಸುಣ್ಣ ಹೊಡೀತಿದ್ಳು. ವಾಪಸ್ ಬಂದೆ."

"ಶನಿವಾರ ಸತ್ತವರ ಪೂಜೆ ಇದೆ," ಎಂದಳು ಕಮೇಲಿಯಾ ಕೊನೆಗೆ. "ಈ ವರ್ಷವೂ ದೊಡ್ಡಮ್ಮ ಅವನ ಹೆಸರನ್ನ ಎಡಗಡೆಗೇ ಬರೆಸ್ತಾರೆ."

"ಗೊತ್ತು."

ಅವನು ಎದ್ದು ಒಲೆಗೆ ಸೌದೆ ತುರುಕಿದ. ಅವಳು ಪುಟ ತಿರುಗಿಸಿದಳು. ತನ್ನ ನೋಟ್‌ಬುಕ್ಕಿನಲ್ಲಿ ಆ ಒಂದು ಬರಹದ ಜಾಗವನ್ನು ಖಾಲಿ ಬಿಟ್ಟಳು.

*

ಸತ್ತವರ ಶನಿವಾರಕ್ಕೆ ಕೊಲಿವಾ ಎಂಬ ಸಿಹಿ ಎಡೆ ಮಾಡುವ ಗೋಧಿಯನ್ನು ಒಂಬತ್ತು ನೀರಿನಲ್ಲಿ ತೊಳೆಯಬೇಕು. ಶುಕ್ರವಾರ ಬೆಳಗ್ಗೆಯೇ ಕಾತಿಂಕಾ ಬೇಸಿನ್ ಮುಂದಿಟ್ಟುಕೊಂಡು ಕೂತಿದ್ದಳು. ಪ್ರತಿ ನೀರು ಚೆಲ್ಲಿದಾಗ ಲೆಕ್ಕಕ್ಕೆಂದು ಕಿಟಕಿಯ ಕಟ್ಟೆಯ ಮೇಲೆ ಒಂದು ಅವರೆಕಾಳು ಇಡುತ್ತಿದ್ದಳು. ಶಾಲೆಗೆ ರಜೆ. ಕಮೇಲಿಯಾ ಎದುರಿಗೆ ಕೂತು ಅಕ್ರೋಟು ಒಡೆಯುತ್ತಿದ್ದಳು.

"ಏನೇ, ಬೆಕ್ಕು ನಾಲಿಗೆ ತಿಂತಾ ನಿಂದು? ಮೊದ್ಲೇ ಮಾತಿಲ್ಲ, ಈಗಂತೂ ಉಸಿರೂ ಕೇಳ್ತಿಲ್ಲ."

"ದೊಡ್ಡಮ್ಮ, ಚರ್ಚಿನ ಪುಸ್ತಕದಲ್ಲಿ ಬರೆದಿರೋದನ್ನ ಓದ್ಲಾ? ನಕಲು ಮಾಡಿದೀನಿ."

"ಗವ್ರೀಲಣ್ಣ ಗೀಚ್ತಿರ್ತಾನಲ್ಲ, ಅದಾ? ಓದು ಓದು. ಕೈಗೆ ಕೆಲ್ಸ ಇದೆ, ಕಿವಿ ಖಾಲಿ ಇದೆ."

ಹೇಳಲು ಬಾರದ ಮಾತನ್ನು ಓದಬಹುದು ಎಂದು ಕಮೇಲಿಯಾಳಿಗೆ ರಾತ್ರಿಯೆಲ್ಲ ಹೊರಳಾಡಿ ಹೊಳೆದಿತ್ತು. ಅವಳು ಮೊದಲಿನಿಂದ ಶುರುಮಾಡಿದಳು. ಸೊಂಟದವರೆಗಿನ ಹಿಮ. ಹನ್ನೊಂದು ಜನ, ಏಳು ಜನ. ಕಾತಿಂಕಾ ನೀರು ಚೆಲ್ಲಿದಳು, ಕಾಳಿಟ್ಟಳು.

"ತಿಳಿದಿರಲಿ, ಸಾವಿರದ ಒಂಬೈನೂರ ಏಳರ ಮಾರ್ಚಿನಲ್ಲಿ ರೈತರು ಎದ್ದರು. ಆಮೇಲೆ ಸೈನಿಕರು ಬಂದರು. ಈ ವರ್ಷ ಉಳುಮೆ ತಡ."

"ನನ್ನ ತಾತ ಆಗ ಮೂರು ದಿನ ಬಣವೇಲಿ ಅಡಗಿದ್ನಂತೆ. ಹೊರಗೆ ಬಂದ ಮೇಲೆ ಜೀವಮಾನವಿಡೀ ಹುಲ್ಲು ಕಂಡ್ರೆ ಸೀನ್ತಿದ್ದ."

"ತಿಳಿದಿರಲಿ, ಹದಿನೇಳರಲ್ಲಿ ಟೈಫಸ್. ಶವಪೆಟ್ಟಿಗೆಗೆ ಹಲಗೆ ಮುಗಿದವು. ಬೇಲಿ ಕಿತ್ತರು. ತಿಳಿದಿರಲಿ, ಹದಿನೆಂಟರಲ್ಲಿ ಪರ್ವತದ ಆಚೆಯ ರುಮೇನಿಯನ್ನರೂ ನಮ್ಮೊಡನೆ ಸೇರಿದರು. ಗಂಟೆ ಬಾರಿಸಲು ಗಟ್ಟಿ ಗಂಡಸರು ಉಳಿದಿರಲಿಲ್ಲ, ಇಬ್ಬರು ಹೆಂಗಸರು ಹಗ್ಗ ಎಳೆದರು."

"ಒಬ್ಳು ನಮ್ಮಮ್ಮ!" ಕಾತಿಂಕಾಳ ಒದ್ದೆ ಕೈ ಗಾಳಿಯಲ್ಲಿ ನಿಂತಿತು. "ಅದನ್ನೂ ಬರೆದಿದಾರಾ? ದೇವ್ರೇ. ನಮ್ಮಮ್ಮ ಹೇಳ್ತಿದ್ಳು, ನಾವು ನಂಬ್ತಿರ್ಲಿಲ್ಲ."

"ತಿಳಿದಿರಲಿ, ಹತ್ತೊಂಬತ್ತರಲ್ಲಿ ಕ್ಯಾಲೆಂಡರ್ ಬದಲಿಸಿ, ಏಪ್ರಿಲ್ ಒಂದನ್ನು ಹದಿನಾಲ್ಕು ಎಂದರು. ನಡುವಿನ ಹದಿಮೂರು ದಿನ ಎಲ್ಲಿ ಹೋದವೆಂದು ಮುದುಕಿಯರು ಕೇಳುತ್ತಾರೆ. ನನಗೆ ಗೊತ್ತಿಲ್ಲ."

ಕಾತಿಂಕಾ ಬೇಸಿನ್ ಅಲುಗಾಡುವಷ್ಟು ನಕ್ಕಳು. ನಲವತ್ತರ ಭೂಕಂಪಕ್ಕೆ ತಲೆಯಾಡಿಸಿದಳು. ನಲವತ್ತೇಳರ ಬರಗಾಲಕ್ಕೆ ಬಂದಾಗ ನಗು ನಿಂತಿತು. "ಅಂಬಲಿಗೆ ಹುಲ್ಲು ಹಾಕ್ತಿದ್ವಿ. ತಮ್ಮನ್ನ ರೈಲಲ್ಲಿ ಒಲ್ತೇನಿಯಾಗೆ ಕಳ್ಸಿದ್ರು, ಊಟ ಇರೋ ಕಡೆಗೆ, ಕುತ್ತಿಗೇಲಿ ಚೀಟಿ ಕಟ್ಟಿ. ಅಲ್ಲೇ ದಪ್ಪಗಾಗಿ ಬಂದ, ನಮ್ಮನ್ನ ಗುರುತೇ ಹಿಡೀಲಿಲ್ಲ ನಾಯಿ."

"ತಿಳಿದಿರಲಿ, ಆ ವರ್ಷದ ಕೊನೆಗೆ ರಾಜ ಹೋದ. ಭಾನುವಾರ ಪ್ರಾರ್ಥನೆಯಲ್ಲಿ ರಾಜನ ಹೆಸರು ಬರುವ ಕಡೆ ಫಾದರ್ ನಿಂತುಬಿಟ್ಟರು. ಒಬ್ಬ ಮನುಷ್ಯನಷ್ಟು ಉದ್ದದ ಮೌನವಾಯಿತು. ಆಮೇಲೆ ಮುಂದುವರಿದರು."

ಏಳನೆಯ ನೀರು. ಏಳನೆಯ ಕಾಳು. ಕಮೇಲಿಯಾ ಪುಟ ತಿರುಗಿಸಿದಳು. ಮುಂದಿನ ಪುಟ ಖಾಲಿಯಿತ್ತು. ಅವಳು ಅದನ್ನು ನೋಡುತ್ತಲೇ, ದನಿ ಬದಲಿಸದೆ, ಬಾಯಿಪಾಠವಾಗಿದ್ದನ್ನು ಓದಿದಳು. "ತಿಳಿದಿರಲಿ, ಆಗಸ್ಟ್ ಹತ್ತನೆಯ ದಿನ. ನಾನು, ಪಾಪಿ ಗವ್ರೀಲ್, ಕಣ್ಣಾರೆ ಕಂಡದ್ದು..."

ಕೊನೆಯವರೆಗೂ ಓದಿದಳು, ಬೇರೆ ಮಸಿಯಲ್ಲಿ ಬರೆದದ್ದನ್ನೂ. ಅಷ್ಟೂ ಹೊತ್ತು ಕಾತಿಂಕಾಳ ಕೈಗಳು ಗೋಧಿಯೊಳಗೆ ಮುಳುಗಿದ್ದವು.

"ಎಷ್ಟನೇ ನೀರು?" ಎಂದಳು ಕಾತಿಂಕಾ.

ಕಮೇಲಿಯಾ ಕಿಟಕಿಯ ಕಡೆ ನೋಡಿದಳು. "ಏಳು, ದೊಡ್ಡಮ್ಮ."

"ಇನ್ನೆರಡಿದೆ."

ಅವಳು ಎದ್ದಳು. ಬಾವಿಯಿಂದ ನೀರು ತಂದಳು. ತೊಳೆದಳು, ಚೆಲ್ಲಿದಳು, ಕಾಳಿಟ್ಟಳು. ಮತ್ತೆ ಹೋಗಿ ತಂದಳು. ತೊಳೆದಳು, ಚೆಲ್ಲಿದಳು, ಒಂಬತ್ತನೆಯ ಕಾಳಿಟ್ಟಳು. ಗೋಧಿಯನ್ನು ಪಾತ್ರೆಗೆ ಸುರಿದು ಒಲೆಯ ಮೇಲಿಟ್ಟಳು. ಆಮೇಲೆ ಕೈಯೊರೆಸಿಕೊಂಡು, ಕಮೇಲಿಯಾಳ ಹತ್ತಿರ ಬಂದು ಕೂತಳು.

"ಬೆಳಕಿತ್ತು ಅಂತ ಬರೆದಿದೆಯಾ?"

"ಹೌದು."

"ಅಷ್ಟನ್ನೇ ಇನ್ನೊಂದ್ಸಲ ಓದು."

"ಮೇಣದಬತ್ತಿ ಹಚ್ಚಿ ಅವನ ಕೈಗಿಟ್ಟೆ. ಅವನು ಅದನ್ನು ನೋಡಿದ. ಬೆಳಕಿನಲ್ಲೇ ಹೋದ."

ಕಾತಿಂಕಾ ಎಂಟು ವರ್ಷದ ಹುಡುಗಿಯಂತೆ ಬೆರಳುಗಳನ್ನು ಒಂದಕ್ಕೊಂದು ಹೆಣೆದುಕೊಂಡು ಕೇಳಿದಳು. "ನಾನು ಅವನು ಕತ್ತಲಲ್ಲಿ ಸತ್ತಿರಬೋದು ಅಂತಾನೇ ಹೆದರ್ತಿದ್ದೆ ಕಣೇ," ಎಂದಳು. "ಸತ್ತಿದಾನೆ ಅನ್ನೋದಕ್ಕಲ್ಲ. ಅದಕ್ಕೇ ಬಲಗಡೆ ಬರೆಸ್ತಿರ್ಲಿಲ್ಲ. ಕೈಯಲ್ಲಿ ಬತ್ತಿಯಿಲ್ಲದೆ ಕತ್ತಲಲ್ಲಿ ಹೋದೋನು ಎಂದೆಂದಿಗೂ ಕತ್ತಲಲ್ಲೇ." ಆಮೇಲೆ ಒಮ್ಮೆಲೇ ಎದ್ದು, ಮೊಳೆಯಿಂದ ಶಾಲು ಎಳೆದುಕೊಂ­ಡಳು. "ಗೋಧಿ ನೋಡ್ಕೋ. ಇಲ್ಲ, ಬಾ. ಮಾರ್ಗ್ಯೋಲಾ! ಏ ಮಾರ್ಗ್ಯೋಲಾ! ಬಂದು ನನ್ನ ಪಾತ್ರೆ ಕೈಯಾಡ್ಸು, ತಳ ಹಿಡಿದ್ರೆ ನಿನ್ನನ್ನೇ ಬೇಯಿಸ್ತೀನಿ!"

*

ಹಳೆಯ ಗಿರಣಿಯ ಹಿಂದಿನ ಇಳಿಜಾರಿನಲ್ಲಿ ಗವ್ರೀಲನ ಜೇನುಪೆಟ್ಟಿಗೆಗಳು ಹಿಮದ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದವು. ಊರಿನ ಹೊಲಗಳೆಲ್ಲ ಸಾಮೂಹಿಕ ಬೇಸಾಯಕ್ಕೆ ಹೋದಾಗಲೂ ಆ ಚೂರು ನೆಲ ಹಾಗೇ ಉಳಿದಿತ್ತು. ಜೇನು ಕಚ್ಚುವ ಕಡೆ ಟ್ರ್ಯಾಕ್ಟರು ತರಲು ಯಾರಿಗೂ ಮನಸ್ಸಿರಲಿಲ್ಲ. ಗವ್ರೀಲ್ ಅಲ್ಲೇ ಪೊರಕೆ ಹಿಡಿದು ಹಿಮ ಗುಡಿಸುತ್ತಿದ್ದ. ಇಬ್ಬರು ಹೆಂಗಸರು ಇಳಿದು ಬರುವುದನ್ನು ನೋಡಿ ಪೊರಕೆ ಕೆಳಗಿಟ್ಟ.

"ಎಲ್ಲಿ?" ಎಂದಳು ಕಾತಿಂಕಾ.

"ಮೂರನೇದರ ಕೆಳಗೆ. ನೀಲಿ ಬಣ್ಣದ್ದು."

ಅವಳು ಅದರತ್ತ ನೋಡಲಿಲ್ಲ, ಅವನನ್ನೇ ನೋಡಿದಳು. "ನಲವತ್ತು ವರ್ಷ ನನ್ನ ಮುಂದೆ ನಿಂತು ಓದಿದೀಯ, ಗವ್ರೀಲಣ್ಣ. ಎಡಗಡೆ."

"ಓದಿದೀನಿ."

"ನನ್ನ ಕೂದಲು ಬೆಳ್ಳಗಾಗೋದು ನೋಡ್ತಾ ಓದಿದೀಯ. ಎರಡು ಸಲ ನನ್ನನ್ನ ಮದ್ವೆಗೆ ಕೇಳ್ಕೊಂಡು ಬಂದ್ರು, ನಾನು ಒಲ್ಲೆ ಅಂದೆ. ಆವಾಗ್ಲೂ ಬಾಯಿ ಬಿಡ್ಲಿಲ್ಲ ನೀನು."

"ಬಿಡ್ಲಿಲ್ಲ. ಮಕ್ಕಳು ಚಿಕ್ಕೋರಿದ್ರು. ಆಮೇಲೆ ದೊಡ್ಡೋರಾದ್ರು, ಅಷ್ಟೊತ್ತಿಗೆ ನಂಗೆ ನಾಚಿಕೆ ಅವರಿಗಿಂತ ದೊಡ್ಡದಾಗಿತ್ತು."

"ಕೆನ್ನೆಗೆ ಬಾರಿಸ್ಬೇಕು ಅನ್ಸತ್ತೆ ನಿಂಗೆ."

"ಬಾರ್ಸು. ಟೋಪಿ ತೆಗೀಲಾ?"

ಕಾತಿಂಕಾಳ ಕೈ ನಿಜವಾಗಿಯೂ ಮೇಲೆದ್ದಿತು. ಆ ಕೈ ಅಲ್ಲೇ ಒಂದು ಗಳಿಗೆ ನಿಂತು, ಆಮೇಲೆ ಅವನ ಟೋಪಿಯನ್ನು ಕಿವಿಯವರೆಗೆ ಜೋರಾಗಿ ಕೆಳಗೆಳೆಯಿತು. "ಹಾಕ್ಕೊಂಡಿರು. ನೆಗಡಿ ಆದ್ರೆ ನಾಳೆ ಯಾರು ಓದ್ತಾರೆ? ನಿನ್ನ ಮಾತ್ರ ನಾನು ಕ್ಷಮಿಸಿಲ್ಲ, ತಿಳ್ಕೋ."

"ತಿಳ್ಕೊಂಡೆ."

ಅವಳು ನೀಲಿ ಪೆಟ್ಟಿಗೆಯ ಮುಂದೆ ಹಿಮದಲ್ಲಿ ಮಂಡಿಯೂರಿದಳು. ಏನು ಮಾಡಬೇಕೆಂದು ತಿಳಿಯದವಳಂತೆ ಮೊದಲು ಅದರ ಮುಚ್ಚಳದ ಹಿಮ ಒರೆಸಿದಳು. ಆಮೇಲೆ, ಬಾಗಿಲಾಚೆಯ ಮಾತು ಕೇಳುವವರ ಹಾಗೆ, ಮರಕ್ಕೆ ಕಿವಿಯಿಟ್ಟಳು. ಅವಳ ಮುಖ ಬದಲಾಯಿತು. ಕಮೇಲಿಯಾಳಿಗೆ ಕೈ ಸನ್ನೆ ಮಾಡಿದಳು.

ಕಮೇಲಿಯಾ ಬಾಗಿ ಕಿವಿಯಿಟ್ಟಳು. ಒಳಗೆ, ತುಂಬ ಆಳದಲ್ಲಿ, ಒಂದು ಗುಂಯ್‌ಗುಡುವ ಸದ್ದಿತ್ತು. ದೂರದ ಚರ್ಚಿನಲ್ಲಿ ನೂರಾರು ಜನ ಬಾಯಿ ಮುಚ್ಚಿಕೊಂಡು ಹಾಡುತ್ತಿದ್ದಂತೆ.

"ಚಳಿಗೆ ಮಲಗಿರಲ್ವಾ ಇವು?" ಎಂದಳು ಕಾತಿಂಕಾ ಪಿಸುಮಾತಿನಲ್ಲಿ.

"ಮಲಗಲ್ಲ," ಎಂದ ಗವ್ರೀಲ್. "ಎಲ್ಲ ಒಂದೇ ಮುದ್ದೆಯಾಗಿ ಒತ್ತಿಕೊಂಡು, ಮೈ ನಡುಗಿಸಿ ನಡುಗಿಸಿ ಶಾಖ ಮಾಡ್ಕೋತವೆ. ವಸಂತದವರೆಗೂ ಹಿಂಗೇ. ನಲವತ್ತು ಚಳಿಗಾಲದಿಂದ ಇಲ್ಲಿ ಒಂದು ಗೂಡೂ ಸತ್ತಿಲ್ಲ."

ಅವರ ಬೆನ್ನ ಹಿಂದೆ ಹಳ್ಳಿ, ಹಳ್ಳಿಯ ಹಿಂದೆ ಬಿಳಿ ಬಯಲು, ಅದರಾಚೆ ಎಲ್ಲೋ ದೊರೆಗಳು ಬಂದು, ರಾಜರು ಹೋಗಿ, ಗಡಿಗಳು ಸರಿದು, ಹದಿಮೂರು ದಿನ ಕಳೆದುಹೋದ ಒಂದು ದೇಶ. ಕಮೇಲಿಯಾ ಮೂರು ವರ್ಷ ಬೋರ್ಡಿನ ಮೇಲೆ ಬರೆದು ಅಳಿಸಿದ ದೇಶ. ಅದರ ಸದ್ದನ್ನು ಅವಳು ಕೇಳಿದ್ದು ಇದೇ ಮೊದಲು. ತಾನು ಅಳುತ್ತಿದ್ದೇನೆಂದು ಅವಳಿಗೆ ತಿಳಿದದ್ದು, ಕೆನ್ನೆ ಪೆಟ್ಟಿಗೆಯ ಮರಕ್ಕೆ ಅಂಟಿಕೊಂಡಾಗ.

*

ಶನಿವಾರ ಬೆಳಗ್ಗೆ ಕಾತಿಂಕಾ ಎಂದಿನಂತೆ ಕಾಗದ ಮಡಿಸಿ, ಉಗುರೆಳೆದು, ಬಿಡಿಸಿ ಮೇಜಿನ ಮೇಲಿಟ್ಟಳು.

"ಬಲಗಡೆಯಿಂದ ಶುರುಮಾಡು," ಎಂದಳು. "ಮೊದಲು ತ್ವಾದೆರ್."

ಕಮೇಲಿಯಾಳ ಪೆನ್ನು ಕಾಗದ ಮುಟ್ಟಿ ನಿಂತಿತು.

"ಬರಿಯೇ. ಗುಂಡಗೆ, ಚೆಂದಾಗಿ ಬರಿ. ಅವನು ಆ ಕಡೆ ಹೊಸಬ."

ಕಮೇಲಿಯಾ ಬರೆದಳು. ಅದರ ಕೆಳಗೆ ಕಾತಿಂಕಾಳ ಅಪ್ಪ, ಅಮ್ಮ, ದಪ್ಪಗಾಗಿ ಬಂದಿದ್ದ ತಮ್ಮ, ಎಲ್ಲರನ್ನೂ ಬರೆದಳು. ಆಮೇಲೆ ಎಡದ ಸಾಲು. ಎಲ್ಲ ಹೆಸರೂ ಬರೆದ ಮೇಲೆಯೂ ಎಲ್ಲಕ್ಕಿಂತ ಮೇಲಿನ ಜಾಗ ಖಾಲಿಯಿತ್ತು. ವಾರವಾರದ ರೂಢಿಗೆ ಅವಳ ಕೈ ಅದನ್ನು ತಾನಾಗಿ ಬಿಟ್ಟಿತ್ತು. ಕಾತಿಂಕಾ ಪೆನ್ನು ಕಿತ್ತುಕೊಂಡಳು. ಮೂಗು ಕಾಗದಕ್ಕೆ ತಗಲುವಷ್ಟು ಬಾಗಿ, ತಾನೇ ಅಲ್ಲೊಂದು ಹೆಸರನ್ನು ಸೊಟ್ಟ ಅಕ್ಷರದಲ್ಲಿ ಬರೆದು, ಕಮೇಲಿಯಾಳಿಗೆ ತೋರಿಸದೆ ಮಡಿಸಿ ಶಾಲಿನೊಳಗೆ ಸಿಕ್ಕಿಸಿಕೊಂಡಳು.

ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನೆಲದ ಮೇಲೆ ಸಾಲು ಸಾಲು ಕೊಲಿವಾ ಬಟ್ಟಲುಗಳು, ಸಕ್ಕರೆಪುಡಿಯ ಮೇಲೆ ಅಕ್ರೋಟಿನ ಶಿಲುಬೆಗಳು, ಪ್ರತಿಯೊಂದರ ನಡುವೆ ಉರಿಯುವ ಬತ್ತಿ. ಫಾದರ್ ಧೂಪ ಹಾಕಿದರು. ಗವ್ರೀಲ್ ಪಟ್ಟಿಗಳ ರಾಶಿಯಿಂದ ಒಂದೊಂದನ್ನೇ ತೆಗೆದು ಓದುತ್ತ ಬಂದ. ಕಾತಿಂಕಾಳ ಪಟ್ಟಿ ಅವನಿಗೆ ಮಡಿಕೆಯಿಂದಲೇ ಗೊತ್ತು. ಅದನ್ನು ಬಿಡಿಸಿ, ರೂಢಿಯಂತೆ ಬಾಯಿ ತೆರೆದ.

ದನಿ ಬರಲಿಲ್ಲ. ಒಬ್ಬ ಮನುಷ್ಯನಷ್ಟು ಉದ್ದದ ಮೌನವಾಯಿತು. ಹೆಂಗಸರು ತಲೆಯೆತ್ತಿದರು. ಫಾದರ್ ಮೆಲ್ಲಗೆ ಕೆಮ್ಮಿದರು. ಕಾತಿಂಕಾ ಮಾತ್ರ ತನ್ನ ಬತ್ತಿಯ ಕುಡಿಯನ್ನು ಬೆರಳಿಂದ ಸರಿಪಡಿಸುತ್ತ, ಏನೂ ಆಗದವಳಂತೆ ನಿಂತಿದ್ದಳು.

"ಗವ್ರೀಲ್," ಎಂದು ಓದಿದ ಗವ್ರೀಲ್.

ಉಳಿದ ಬದುಕಿರುವವರನ್ನು ಓದಿದ. ಮಡಿಕೆ ದಾಟಿದ. "ತ್ವಾದೆರ್," ಎಂದ, ಈ ಸಲ ಗಟ್ಟಿಯಾಗಿ, ಕಿಟಕಿಯ ಗಾಜಿಗೆ ಕೇಳುವಂತೆ. ಬಲದ ಸಾಲನ್ನು ಕೊನೆಯ ಹೆಸರಿನವರೆಗೂ ಓದಿದ. ಮುಗಿದ ಮೇಲೆ, ಎರಡು ಸಾವಿರ ಭಾನುವಾರಗಳ ಅಭ್ಯಾಸದಿಂದ, ಒಂದು ಸಣ್ಣ ಉಸಿರು ಎಳೆದುಕೊಂಡ.

ಕಮೇಲಿಯಾ ಕಾದಳು. ಆ ಉಸಿರಿಗೆ ಸೇರಿಸಲು ಇಂದು ಅವನ ಬಳಿ ಹೆಸರಿರಲಿಲ್ಲ. ಅವನು ಅದನ್ನು ಹಾಗೆಯೇ ಮೆಲ್ಲಗೆ ಹೊರಗೆ ಬಿಟ್ಟು, ಕಾಗದ ಮಡಿಸಿದ.